ಊರು ಬೇಡವೆಂದ ಜಾಗಕ್ಕೆ ಬರುವ ಹಕ್ಕಿಗಳು: ದೆಹಲಿಯ ಚಳಿಗಾಲ

(ದೆಹಲಿಯ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಸೇರಿದ್ದ ಭಾನುವಾರದ ಸಭೆಯೊಂದರಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡಿಸೆಂಬರ್ ಬಂತೆಂದರೆ ಊರಿನಿಂದ ಫೋನ್ ಮಾಡುವವರೆಲ್ಲ ನಮ್ಮನ್ನು ಎರಡು ಪ್ರಶ್ನೆ ಕೇಳುತ್ತಾರೆ. ಚಳಿ ಹೇಗಿದೆ? ಗಾಳಿ ಹೇಗಿದೆ? ಎರಡಕ್ಕೂ ನಮ್ಮ ಉತ್ತರ ಗೊತ್ತೇ ಇದೆ. ಇವತ್ತು ನಾನು ಹೇಳಬೇಕೆಂದಿರುವುದು ಇದೇ ಚಳಿ, ಇದೇ ಗಾಳಿಗೆ ಸಾವಿರಾರು ಕಿಲೋಮೀಟರ್ ದೂರದಿಂದ ಬರುವವರ ಬಗ್ಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ದೆಹಲಿ, ನೋಯ್ಡಾ, ಗುರುಗ್ರಾಮಗಳ ಸುತ್ತ ಎಷ್ಟೊಂದು ಹೊರಗಿನ ಹಕ್ಕಿಗಳು ಇರುತ್ತವೆ ಅನ್ನುವುದು ಇಲ್ಲಿ ಹತ್ತಾರು ವರ್ಷದಿಂದ ಇರುವ ನಮ್ಮವರಿಗೂ ಗೊತ್ತಿರುವುದಿಲ್ಲ.

ಈ ಹಕ್ಕಿಗಳು ಎಲ್ಲಿ ಇರುತ್ತವೆ ಅನ್ನುವುದೇ ನನ್ನನ್ನು ಹೆಚ್ಚು ಕಾಡುವ ವಿಷಯ. ಪಕ್ಷಿಧಾಮ ಅಂದಾಗ ತಿಳಿನೀರಿನ ಕೆರೆ, ಸುತ್ತ ಹಸಿರು ಮರ, ಹೀಗೆ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ಇರುತ್ತದೆ. ದೆಹಲಿಯಲ್ಲಿ ಅವು ಜಾಸ್ತಿ ಸಿಗುವುದು ಊರಿನ ಕೊಳಚೆ ಹರಿಯುವ ನಾಲೆಯ ಪಕ್ಕ, ನೊರೆ ತುಂಬಿದ ನದಿಯಲ್ಲಿ, ಕಸದ ಗುಡ್ಡದ ಮೇಲೆ. ನಾವು ಮೂಗು ಮುಚ್ಚಿಕೊಂಡು ದಾಟುವ ಜಾಗಗಳಲ್ಲಿ ಅವು ಚಳಿಗಾಲ ಕಳೆಯುತ್ತವೆ.

ಮೊದಲು ಅವು ಯಾಕೆ ಬರುತ್ತವೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಚಳಿ ತಡೆಯಲಾರದೆ ಓಡಿ ಬರುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಗರಿಯ ಹೊದಿಕೆ ಇರುವ ಬಾತುಕೋಳಿಗೆ ಚಳಿ ಅಷ್ಟು ದೊಡ್ಡ ಕಷ್ಟವಲ್ಲ. ಕಷ್ಟ ಊಟದ್ದು. ಮಧ್ಯ ಏಷ್ಯಾದ, ಸೈಬೀರಿಯಾದ, ಟಿಬೆಟ್ಟಿನ ಕೆರೆಗಳು ಹೆಪ್ಪುಗಟ್ಟಿದರೆ ನೀರಿನೊಳಗಿನ ಹುಳ, ಬೀಜ, ಬೇರು ಯಾವುದೂ ಕೊಕ್ಕಿಗೆ ಸಿಗುವುದಿಲ್ಲ. ಹುಲ್ಲು ಹಿಮದಡಿ ಮುಚ್ಚಿಹೋಗುತ್ತದೆ. ದೆಹಲಿಯ ಜನವರಿಯಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ನಾವು ನಡುಗುತ್ತೇವೆ, ಆದರೆ ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ಅಲ್ವಾ? ಅವಕ್ಕೆ ಅಷ್ಟು ಸಾಕು.

ಎಲ್ಲವೂ ಸೈಬೀರಿಯಾದಿಂದಲೇ ಬರುತ್ತವೆ ಅನ್ನುವುದೂ ಸರಿಯಲ್ಲ. ಬಹುಶಃ ರಾಜಸ್ಥಾನದ ಭರತಪುರಕ್ಕೆ ಬರುತ್ತಿದ್ದ ಸೈಬೀರಿಯಾದ ಬಿಳಿ ಕೊಕ್ಕರೆಗಳ ನೆನಪು ಈ ಕಡೆಯ ಜನರಲ್ಲಿ ಇನ್ನೂ ಉಳಿದಿದೆ. ಆ ಕೊಕ್ಕರೆಗಳ ಕೊನೆಯ ಜೋಡಿ ಅಲ್ಲಿ ಕಂಡಿದ್ದು 2002ರ ಚಳಿಗಾಲದಲ್ಲಿ. ಆಮೇಲೆ ಬರಲೇ ಇಲ್ಲ. ಈಗ ಹೊರಗಿನಿಂದ ಯಾವ ಹಕ್ಕಿ ಬಂದರೂ ಇಲ್ಲಿ ಅದಕ್ಕೆ 'ಸೈಬೀರಿಯನ್' ಅನ್ನುವ ಹೆಸರೇ. ನಿಜಕ್ಕೂ ಕೆಲವು ಲಡಾಖ್‌ನಿಂದ, ಕೆಲವು ಟಿಬೆಟ್‌ನಿಂದ, ಕೆಲವು ಕಜಾಕಿಸ್ತಾನ, ಮಂಗೋಲಿಯಾಗಳಿಂದ ಬಂದಿರುತ್ತವೆ. ಇನ್ನು ಕೆಲವು ಇಲ್ಲೇ ಹಿಮಾಲಯದ ಕಾಡುಗಳಿಂದ ಕೆಳಗೆ ಇಳಿದು ಬಂದಿರುತ್ತವೆ.

ಈ 'ಸೈಬೀರಿಯನ್' ಮಾತು ಜಾಸ್ತಿ ಕಿವಿಗೆ ಬೀಳುವುದು ಕಾಶ್ಮೀರಿ ಗೇಟ್ ಹತ್ತಿರದ ಯಮುನಾ ಘಾಟ್‌ನಲ್ಲಿ. ಬೆಳಿಗ್ಗೆ ಮಂಜಿನಲ್ಲಿ ದೋಣಿ, ಸುತ್ತ ನೂರಾರು ಬಿಳಿ ಹಕ್ಕಿಗಳು. ಆ ಫೋಟೋ ನೀವೆಲ್ಲ ನೋಡಿರುತ್ತೀರಿ. ಅವು ಕಡಲಕ್ಕಿಗಳು. ಒಂದು ಜಾತಿಗೆ ಕಪ್ಪುತಲೆ, ಇನ್ನೊಂದಕ್ಕೆ ಕಂದುತಲೆ ಅಂತ ಹೆಸರು. ಆದರೆ ಚಳಿಗಾಲದಲ್ಲಿ ನೋಡಿದರೆ ಎರಡರ ತಲೆಯೂ ಬಿಳಿ, ಕಿವಿಯ ಹತ್ತಿರ ಮಸಿ ತಾಗಿದ ಹಾಗೆ ಒಂದು ಗುರುತು ಮಾತ್ರ. ಆ ಕಪ್ಪು, ಕಂದು ಬಣ್ಣ ಬರುವುದು ಗೂಡು ಕಟ್ಟುವ ಕಾಲಕ್ಕೆ. ಫೆಬ್ರವರಿ ಕೊನೆಗೆ ಹೋದರೆ ಕೆಲವಕ್ಕೆ ಬಣ್ಣ ಏರುತ್ತಿರುವುದು ಕಾಣುತ್ತದೆ. ಹೊರಡುವ ದಿನ ಹತ್ತಿರ ಬಂತು ಅಂತ ಅರ್ಥ. ಕಂದುತಲೆಯದು ಲಡಾಖ್ ಮತ್ತು ಟಿಬೆಟ್ಟಿನ ಎತ್ತರದ ಕೆರೆಗಳ ಹಕ್ಕಿ. ಕಪ್ಪುತಲೆಯದು ಅದಕ್ಕಿಂತ ಉತ್ತರದ್ದು.

ಘಾಟ್‌ನಲ್ಲಿ ಪ್ಯಾಕೆಟ್‌ಗಟ್ಟಲೆ ಸೇವ್ ಮಾರುತ್ತಾರೆ. ದೋಣಿಯಲ್ಲಿ ಕೂತವರು ಅದನ್ನು ಎಸೆಯುತ್ತಾರೆ, ಹಕ್ಕಿಗಳು ಗಾಳಿಯಲ್ಲೇ ಹಿಡಿಯುತ್ತವೆ. ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಆದರೆ ಎಣ್ಣೆಯಲ್ಲಿ ಕರಿದ, ಉಪ್ಪು ಖಾರ ಹಾಕಿದ ಕಡಲೆಹಿಟ್ಟು ಕಡಲಕ್ಕಿಯ ಊಟವಲ್ಲ. ಮೀನು, ಹುಳ ತಿಂದು ಬದುಕುವ ಹಕ್ಕಿ ಅದು. ಮಾರ್ಚ್‌ನಲ್ಲಿ ಹಿಮಾಲಯ ದಾಟಬೇಕಾದ ಮೈಗೆ ಈ ತಿಂಡಿಯಿಂದ ಬೇಕಾದ ಬಲ ಸಿಗುವುದಿಲ್ಲ. ದೋಣಿ ನಡೆಸುವವರ ಹೊಟ್ಟೆಪಾಡು ಇದರಲ್ಲಿದೆ ಅನ್ನುವುದು ನನಗೂ ಗೊತ್ತು. ಅದಕ್ಕೇ ನಿಮಗೆ ಹೇಳುವುದು, ದೋಣಿಯಲ್ಲಿ ಖಂಡಿತ ಹೋಗಿ, ಅವರಿಗೆ ಪೂರ್ತಿ ದುಡ್ಡು ಕೊಡಿ, ಸೇವ್ ಪ್ಯಾಕೆಟ್ ಮಾತ್ರ ಕೊಳ್ಳಬೇಡಿ.

ಈಗ ಗಾಜೀಪುರಕ್ಕೆ ಬರುತ್ತೇನೆ. ನನಗೆ ತುಂಬ ಇಷ್ಟವಾದ ಭಾಗ ಇದು.

ಪೂರ್ವ ದೆಹಲಿಯ ಗಾಜೀಪುರದ ಕಸದ ಗುಡ್ಡ ನಿಮಗೆಲ್ಲ ಗೊತ್ತು. 1984ರಲ್ಲಿ ಅಲ್ಲಿ ಕಸ ಸುರಿಯಲು ಶುರು ಮಾಡಿದರು. 2002ಕ್ಕೇ ಅದು ತುಂಬಿತು, ಆಮೇಲೂ ಸುರಿಯುತ್ತಲೇ ಹೋದರು. 2019ರ ಹೊತ್ತಿಗೆ 65 ಮೀಟರ್ ಎತ್ತರವಾಗಿತ್ತು. ಕುತುಬ್ ಮಿನಾರ್ 73 ಮೀಟರ್, ನೀವೇ ಲೆಕ್ಕ ಹಾಕಿ. ಅದರ ಪಕ್ಕದಲ್ಲೇ ಕಸಾಯಿಖಾನೆ, ಕೋಳಿ ಮತ್ತು ಮೀನಿನ ಮಂಡಿಗಳು. ಗುಡ್ಡದ ಮೇಲೆ ಸದಾ ಹದ್ದುಗಳ ಸುತ್ತಾಟ. ರಸ್ತೆಯಲ್ಲಿ ಹೋಗುವವರು ಅದನ್ನು ನೋಡಿ ಮುಖ ತಿರುಗಿಸುತ್ತಾರೆ. ಹದ್ದಿನಲ್ಲಿ ನೋಡುವುದೇನಿದೆ, ಅದು ನಮ್ಮ ಮನೆ ಮೇಲೂ ಹಾರುತ್ತದೆ ಅಂತ.

ಚಳಿಗಾಲದಲ್ಲಿ ಆ ಹದ್ದುಗಳಲ್ಲಿ ಎರಡು ಬಗೆ ಇರುತ್ತವೆ. ಒಂದು ಇಲ್ಲೇ ಗೂಡು ಕಟ್ಟುವ ದೆಹಲಿಯ ಹದ್ದು. ಇನ್ನೊಂದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಉತ್ತರದಿಂದ ಬರುವ ಕರಿಕಿವಿಯ ಹದ್ದು. ಮೈಕಟ್ಟು ಸ್ವಲ್ಪ ದೊಡ್ಡದು, ಕಣ್ಣಿನ ಹಿಂದೆ ಕಪ್ಪು ಮಚ್ಚೆ, ಹಾರುವಾಗ ರೆಕ್ಕೆಯ ಅಡಿಯಲ್ಲಿ ತುದಿಯ ಕಡೆ ದೊಡ್ಡ ಬಿಳಿ ತೇಪೆ. ಒಮ್ಮೆ ಕಣ್ಣಿಗೆ ಅಭ್ಯಾಸವಾದರೆ ಮೆಟ್ರೋದಲ್ಲಿ ಕೂತೇ ಗುರುತಿಸಬಹುದು.

ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು ದೆಹಲಿಯಲ್ಲಿ ಈ ಬಗೆಯ 19 ಹದ್ದುಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಸಣ್ಣ ಯಂತ್ರ ಕಟ್ಟಿ ಬಿಟ್ಟರು. ಬೇಸಿಗೆ ಬರುವ ಮುಂಚೆ ಅವು ಹೊರಟವು. ಮೂರು ನಾಲ್ಕು ವಾರದಲ್ಲಿ 3,300ರಿಂದ 4,800 ಕಿಲೋಮೀಟರ್ ಹಾರಿ ಕಜಾಕಿಸ್ತಾನ, ರಷ್ಯಾ, ಚೀನಾ, ಮಂಗೋಲಿಯಾಗಳನ್ನು ತಲುಪಿದವು. ಹಿಮಾಲಯವನ್ನು ಎಲ್ಲಿ ದಾಟಿದವು ಗೊತ್ತಾ? ಕಾರಕೋರಂನಲ್ಲಿ, ಕೆ2 ಶಿಖರದ ಹತ್ತಿರ. 6,000 ಮೀಟರ್‌ಗೂ ಹೆಚ್ಚು ಎತ್ತರಕ್ಕೆ ಏರಿ. ಆಚೆ ಇಳಿದ ಮೇಲೆ ತಕ್ಲಾಮಕಾನ್ ಮರುಭೂಮಿಯನ್ನು ಬಳಸಿಕೊಂಡು ಹೋದವು.

ಸುಮ್ನೆ ಒಂದು ಕ್ಷಣ ಯೋಚಿಸಿ. ಗಾಜೀಪುರದ ಕೋಳಿ ಮಂಡಿಯಲ್ಲಿ ಕರುಳಿನ ತುಂಡು ಎತ್ತಿಕೊಂಡ ಅದೇ ಹದ್ದು ಎರಡು ತಿಂಗಳ ಮೇಲೆ ಸೈಬೀರಿಯಾದ ಕಾಡಿನಂಚಿನಲ್ಲಿ ಮರಿಗೆ ಗುಟುಕು ಕೊಡುತ್ತಿರುತ್ತದೆ. ದೊಡ್ಡ ಕ್ಯಾಮೆರಾ ಹಿಡಿದುಕೊಂಡು ವಲಸೆ ಹಕ್ಕಿ ಹುಡುಕಿ ನೂರಾರು ಕಿಲೋಮೀಟರ್ ಹೋಗುವವರು ಇವನ್ನು ದಾಟಿಕೊಂಡೇ ಹೋಗುತ್ತಾರೆ. ನನ್ನನ್ನು ಕೇಳಿದರೆ ದೆಹಲಿಯ ಚಳಿಗಾಲದ ಅತಿ ದೊಡ್ಡ ಹಕ್ಕಿ ಸುದ್ದಿ ಇದೇ. ಊರಿನ ಮಾಂಸದ ಚೂರು, ಊರಿನ ಕಸ, ಅದನ್ನು ನಂಬಿಕೊಂಡು ಏಷ್ಯಾದ ಆ ತುದಿಯಿಂದ ಹಕ್ಕಿಗಳು ಬರುತ್ತಿವೆ.

ಇದರ ಹಿಂದೆ ಒಂದು ನೋವಿನ ಕಥೆಯೂ ಇದೆ. ಒಂದು ಕಾಲಕ್ಕೆ ದೆಹಲಿಯ ಮರಗಳ ಮೇಲೆ ರಣಹದ್ದುಗಳು ಗೂಡು ಕಟ್ಟುತ್ತಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ, ಸತ್ತ ದನದ ಮಾಂಸದ ಮೂಲಕ ಅವುಗಳ ಮೈ ಸೇರಿ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸುವ ಹೊತ್ತಿಗೆ ದೇಶದ ರಣಹದ್ದುಗಳಲ್ಲಿ ಬಹುಪಾಲು ಹೋಗಿಬಿಟ್ಟಿದ್ದವು. ಊರಿನ ಮಾಂಸದ ಕಸವನ್ನು ತಿಂದು ಮುಗಿಸುವ ಕೆಲಸ ಈಗ ಹದ್ದು, ಕಾಗೆ, ನಾಯಿಗಳ ಪಾಲಿಗೆ ಬಂದಿದೆ. ಗಾಜೀಪುರದ ಹಳೇ ಕಸವನ್ನು ಅಗೆದು, ಬೇರ್ಪಡಿಸಿ, ಗುಡ್ಡ ಕರಗಿಸುವ ಕೆಲಸ ಈಗ ನಡೆಯುತ್ತಿದೆ. ನಡೆಯಲೇಬೇಕು. ಗುಡ್ಡದ ಪಕ್ಕದಲ್ಲಿ ಬದುಕುವ ಜನರ ಉಸಿರು ಮೊದಲು. ಆ ಕೆಲಸ ಮುಗಿದ ಮೇಲೆ ಈ ಹದ್ದುಗಳು ಎಲ್ಲಿ ಇಳಿಯುತ್ತವೆ ಅನ್ನುವುದನ್ನೂ ಯಾರಾದರೂ ನೋಡುತ್ತಿರಬೇಕು ಅನ್ನುವುದು ನನ್ನ ಆಸೆ.

ಇನ್ನು ನಮ್ಮೂರಿಗೂ ನಂಟಿರುವ ಒಂದು ಹಕ್ಕಿ. ಪಟ್ಟೆತಲೆ ಹೆಬ್ಬಾತು. ಇಲ್ಲಿ ಗದಗದ ಕಡೆಯವರು ಯಾರಾದರೂ ಇದ್ದೀರಾ? (ಹಿಂದಿನ ಸಾಲಿನಲ್ಲಿ ಇಬ್ಬರು ಕೈ ಎತ್ತಿದರು.) ಹಾಗಾದರೆ ಮಾಗಡಿ ಕೆರೆ ನಿಮಗೆ ಗೊತ್ತೇ ಇರುತ್ತದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಆ ಕೆರೆಗೆ ಪ್ರತಿ ಚಳಿಗಾಲ ಈ ಹೆಬ್ಬಾತುಗಳು ದಂಡುಗಟ್ಟಿ ಬರುತ್ತವೆ. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆಯೂ ಸಿಕ್ಕಿತು. ಅದೇ ಜಾತಿಯ ಹೆಬ್ಬಾತು ದೆಹಲಿಯ ನಜಫ್‌ಗಢ ಝೀಲ್‌ನಲ್ಲೂ (ಝೀಲ್ ಅಂದರೆ ಕೆರೆ), ಗುರುಗ್ರಾಮದ ಸುಲ್ತಾನ್‌ಪುರದಲ್ಲೂ ಇಳಿಯುತ್ತದೆ. ತಿಳಿಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಕಿತ್ತಳೆ ಕಾಲು. ಬೇರೆ ಯಾವ ಹಕ್ಕಿ ಅಂತಲೂ ಗೊಂದಲವಾಗುವುದಿಲ್ಲ.

ಲಡಾಖ್, ಟಿಬೆಟ್, ಮಂಗೋಲಿಯಾಗಳಲ್ಲಿ ಮರಿ ಮಾಡುವ ಈ ಹಕ್ಕಿ ಹಿಮಾಲಯದ ಮೇಲೇ ಹಾರಿ ಬರುತ್ತದೆ. ಯಂತ್ರ ಕಟ್ಟಿ ನೋಡಿದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿ ಆಮ್ಲಜನಕ ನಮಗಿಲ್ಲಿ ಸಿಗುವುದರ ಅರ್ಧಕ್ಕಿಂತ ಕಡಿಮೆ. ಅದರ ರಕ್ತ ಆಮ್ಲಜನಕವನ್ನು ಬೇರೆ ಬಾತುಗಳಿಗಿಂತ ಬಿಗಿಯಾಗಿ ಹಿಡಿಯುತ್ತದೆ, ಉಸಿರು ಆಳವಾಗಿ ಎಳೆಯುತ್ತದೆ. ಇನ್ನೊಂದು ಜಾಣತನ ಅಂದರೆ ರಾತ್ರಿ ಮತ್ತು ನಸುಕಿನಲ್ಲಿ ದಾಟುವುದು. ಆಗ ಗಾಳಿ ತಣ್ಣಗಿದ್ದು ದಟ್ಟವಾಗಿರುತ್ತದೆ, ರೆಕ್ಕೆಗೆ ಹೆಚ್ಚು ಆಧಾರ ಸಿಗುತ್ತದೆ. ಒಂದೇ ಎತ್ತರ ಹಿಡಿದು ಹೋಗುವುದೂ ಇಲ್ಲ. ಬೆಟ್ಟ ಏರಿದರೆ ತಾನೂ ಏರುತ್ತದೆ, ಕಣಿವೆ ಬಂದರೆ ಇಳಿಯುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮ ಎಷ್ಟು ಜಾಸ್ತಿ ಅಂದರೆ, ಮೇಲೇ ಉಳಿಯುವುದಕ್ಕಿಂತ ಇಳಿದು ಮತ್ತೆ ಹತ್ತುವುದೇ ಕಡಿಮೆ ಖರ್ಚಿನದು.

ಅಷ್ಟೆಲ್ಲ ಪಾಡುಪಟ್ಟು ಬಂದು ಇಳಿಯುವ ನಜಫ್‌ಗಢ ಝೀಲ್ ಈಗ ಹೇಗಿದೆ? ಹರಿಯಾಣದ ಕಡೆಯಿಂದ ಬರುವ ಸಾಹಿಬಿ ನದಿಯ ನೀರು ನಿಲ್ಲುತ್ತಿದ್ದ ತಗ್ಗು ಪ್ರದೇಶ ಅದು. ಮಳೆ ಜೋರಾದ ವರ್ಷ ಮೈಲಿಗಟ್ಟಲೆ ಹರಡುತ್ತಿತ್ತು. 1960ರ ದಶಕದ ಪ್ರವಾಹದ ನಂತರ ನಾಲೆಯನ್ನು ಅಗಲ ಮಾಡಿ ನೀರನ್ನು ಯಮುನೆಗೆ ಬಿಟ್ಟರು, ಕೆರೆ ಕುಗ್ಗಿತು. ಆ ನಾಲೆಯೇ ಇವತ್ತಿನ ನಜಫ್‌ಗಢ ನಾಲಾ. ದೆಹಲಿಯೊಳಗೆ ಸುಮಾರು 57 ಕಿಲೋಮೀಟರ್ ಹರಿದು ವಜೀರಾಬಾದ್ ಹತ್ತಿರ ಯಮುನೆ ಸೇರುತ್ತದೆ. ನದಿ ಅಂತ ಕರೆಸಿಕೊಳ್ಳುತ್ತಿದ್ದ ನೀರಿಗೆ ಇಲ್ಲಿನ ಜನ ಈಗ 'ಗಂದಾ ನಾಲಾ' ಅನ್ನುತ್ತಾರೆ. ಝೀಲ್‌ನಲ್ಲಿ ಈಗ ನಿಲ್ಲುವ ನೀರಿನಲ್ಲಿ ಬಹುಪಾಲು ಊರಿನ ಕೊಳಚೆಯೇ. ಆದರೂ ಜನವರಿಯಲ್ಲಿ ಅಲ್ಲಿ ಹೆಬ್ಬಾತು, ರಾಜಹಂಸ, ಹೆಜ್ಜಾರ್ಲೆ, ಸಾವಿರಗಟ್ಟಲೆ ಬಾತುಗಳು. ಅಂಚಿನ ಗೋಧಿ ಹೊಲಗಳಲ್ಲಿ ಹೆಬ್ಬಾತುಗಳು ಎಳೆ ಪೈರು ಮೇಯುತ್ತವೆ. ರೈತರಿಗೆ ಅದು ಕಿರಿಕಿರಿ, ಅವರನ್ನು ದೂರುವಂತಿಲ್ಲ. ಮಾಗಡಿಯ ಸುತ್ತಲಿನ ಹೊಲಗಳವರು ಪ್ರತಿ ವರ್ಷ ಇದನ್ನು ನೋಡುತ್ತಾರೆ.

ಸುಲ್ತಾನ್‌ಪುರದ ಕಥೆ ಬೇರೆ. 1969ರಲ್ಲಿ ದೆಹಲಿಯಲ್ಲಿ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆದ ಸಮಯದಲ್ಲಿ ಪೀಟರ್ ಜಾಕ್ಸನ್ ಅನ್ನುವ ಪತ್ರಕರ್ತರು ಪ್ರಧಾನಿ ಇಂದಿರಾ ಗಾಂಧಿಯವರಿಗೆ ಈ ಝೀಲ್ ಉಳಿಸಿ ಅಂತ ಪತ್ರ ಬರೆದರು. ಇಂದಿರಾ ಅವರಿಗೆ ಹಕ್ಕಿಗಳ ಹುಚ್ಚಿತ್ತು, 1950ರಲ್ಲಿ ಶುರುವಾದ ದೆಹಲಿ ಪಕ್ಷಿವೀಕ್ಷಕರ ಸಂಘದಲ್ಲಿ ಅವರೂ ಇದ್ದರು. 1970ರ ದಶಕದ ಶುರುವಿನಲ್ಲಿ ಅದು ಪಕ್ಷಿಧಾಮವಾಯಿತು, ಆಮೇಲೆ ರಾಷ್ಟ್ರೀಯ ಉದ್ಯಾನವಾಯಿತು. ಒಂದು ಪತ್ರದಿಂದ ಒಂದು ಕೆರೆ ಉಳಿಯಿತು. ಆದರೆ ಆ ಕೆರೆಗೂ ಈಗ ಕಾಲುವೆಯಿಂದ ನೀರು ಬಿಡಬೇಕು. ಬಿಡುವುದು ತಡವಾದ ವರ್ಷ ಹಕ್ಕಿಗಳು ಬೇರೆ ಕಡೆ ಹೋಗುತ್ತವೆ.

ಓಖ್ಲಾದಲ್ಲಿ ಎಲ್ಲವೂ ನೀರಿನ ಆಳದ ಮೇಲೆ ನಿಂತಿದೆ. ಯಮುನೆಗೆ ಬ್ಯಾರೇಜ್ ಕಟ್ಟಿದ್ದರಿಂದ ಹಿಂದೆ ನಿಂತ ನೀರೇ ಓಖ್ಲಾ ಪಕ್ಷಿಧಾಮ. ವಜೀರಾಬಾದ್‌ನಿಂದ ಓಖ್ಲಾವರೆಗಿನ ಸುಮಾರು 22 ಕಿಲೋಮೀಟರ್ ನದಿಯ ಒಟ್ಟು ಉದ್ದದ 2%ಕ್ಕೂ ಕಡಿಮೆ, ಆದರೆ ಯಮುನೆಯ ಮಾಲಿನ್ಯದಲ್ಲಿ ಬಹುಪಾಲು ಸೇರುವುದು ಅಲ್ಲೇ. ಕಾಳಿಂದಿ ಕುಂಜ್‌ನ ಬಿಳಿ ನೊರೆ ಛಠ್ ಪೂಜೆಯ ಸಮಯದಲ್ಲಿ ಟಿವಿಯಲ್ಲಿ ಬರುತ್ತದಲ್ಲ, ಅದು ಇದರ ಪಕ್ಕದಲ್ಲೇ.

ಅಲ್ಲಿ ಸಲಿಕೆ ಕೊಕ್ಕಿನ ಬಾತನ್ನು ಪುರುಸೊತ್ತಾಗಿ ನೋಡಿ. ಗಂಡಿನ ತಲೆ ಹೊಳೆಯುವ ಹಸಿರು, ಎದೆ ಬಿಳಿ, ಪಕ್ಕೆ ಇಟ್ಟಿಗೆ ಬಣ್ಣ. ಕೊಕ್ಕು ತುದಿಯಲ್ಲಿ ಅಗಲವಾಗಿ ತಲೆಗಿಂತ ಉದ್ದ ಇರುತ್ತದೆ. ಅದರ ಒಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಸಣ್ಣ ಸಣ್ಣ ಎಳೆಗಳ ಸಾಲು. ನೀರನ್ನು ಬಾಯಿಗೆ ಎಳೆದು ಪಕ್ಕದಿಂದ ಹೊರಗೆ ಬಿಡುತ್ತದೆ, ಸಣ್ಣ ಹುಳ, ಬೀಜ ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕೆಲವು ಸಲ ಇಪ್ಪತ್ತು ಮೂವತ್ತು ಬಾತುಗಳು ಒಂದರ ಹಿಂದೆ ಒಂದು ಕತ್ತು ನೀರಿಗೆ ಇಟ್ಟು ಗುಂಡಗೆ ಸುತ್ತುತ್ತವೆ. ಮುಂದಿನದು ಕಾಲಿಂದ ಕೆದಕಿ ಎಬ್ಬಿಸಿದ್ದನ್ನು ಹಿಂದಿನದು ಸೋಸಿ ತಿನ್ನುತ್ತದೆ. ಸುತ್ತು ನಿಲ್ಲುವುದೇ ಇಲ್ಲ. ಜಗಳವೂ ಇಲ್ಲ. ಎಷ್ಟು ಹೊತ್ತು ನೋಡಿದರೂ ನನಗೆ ಸಾಕು ಅನ್ನಿಸಿದ್ದಿಲ್ಲ.

ಈ ಬಾತಿಗೆ, ಸೂಜಿಬಾಲದ ಬಾತಿಗೆ ಆಳವಿಲ್ಲದ ನೀರು ಬೇಕು. ಮುಳುಗಿ ತಿನ್ನುವ ಪೋಚಾರ್ಡ್ ಬಾತುಗಳಿಗೆ ಆಳ ಬೇಕು. ಜೊಂಡಿನ ಬುಡದಲ್ಲಿ ಓಡಾಡುವ ನೀಲಿಗೊರಳಿನ ಪುಟ್ಟ ಹಕ್ಕಿಗೆ ಕೆಸರಂಚು ಬೇಕು. ಬ್ಯಾರೇಜಿನ ಗೇಟು ಎತ್ತಿ ನೀರು ಇಳಿಸಿದರೆ ಒಂದೇ ವಾರದಲ್ಲಿ ಇದೆಲ್ಲ ಬದಲಾಗುತ್ತದೆ. ಅಂತರಗಂಗೆ ಹಬ್ಬಿ ನೀರು ಮುಚ್ಚಿದರೂ ಹಾಗೇ. ಗೇಟಿನ ತೀರ್ಮಾನ ಮಾಡುವಾಗ ನೀರಾವರಿ, ಊರಿನ ನೀರು ಎಲ್ಲ ಲೆಕ್ಕಕ್ಕೆ ಬರುತ್ತವೆ, ಬರಲಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹಕ್ಕಿಯೂ ಆ ಲೆಕ್ಕದಲ್ಲಿರಬೇಕು.

ಹಳೆಗನ್ನಡ ಕಾವ್ಯದ ಜಕ್ಕವಕ್ಕಿಯನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ಅದೂ ಯಮುನೆಯ ಮರಳ ದಿಬ್ಬಗಳ ಮೇಲೆ ಸಿಗುತ್ತದೆ. ಕಿತ್ತಳೆ ಕಂದು ಮೈ, ಯಾವಾಗಲೂ ಜೋಡಿ ಜೋಡಿ. ಕಾವ್ಯದಲ್ಲಿ ರಾತ್ರಿ ಅಗಲುತ್ತವೆ ಅಂತಿದೆ, ನದಿಯಲ್ಲಿ ಮಾತ್ರ ರಾತ್ರಿಯೂ ಒಟ್ಟಿಗೇ ಇರುತ್ತವೆ.

ಇಷ್ಟು ದೂರ ಹೋಗಲಾರದವರಿಗೆ ಮನೆಯ ತಾರಸಿಯೇ ಸಾಕು. ಗೋಡೆಯ ಅಂಚಿನಲ್ಲಿ ಕೂತು, ಕೆಂಪು ಬಾಲವನ್ನು ಬಿಡದೆ ನಡುಗಿಸುವ ರೆಡ್‌ಸ್ಟಾರ್ಟ್ ಲಡಾಖ್‌ನಂಥ ಕಡೆ ಕಲ್ಲುಗೋಡೆಯ ಸಂದಿನಲ್ಲಿ ಗೂಡು ಮಾಡುವ ಹಕ್ಕಿ. ಲೋಧಿ ಗಾರ್ಡನ್‌ನಲ್ಲಿ 'ಟ್ರ್‌ರ್' ಅಂತ ಸಣ್ಣ ಸದ್ದು ಕೇಳಿದರೆ ನಿಲ್ಲಿ. ಕೆಂಪು ಎದೆಯ ನೊಣಹಿಡುಕ ಅಲ್ಲೇ ಎಲ್ಲೋ ಕೆಳಗಿನ ಕೊಂಬೆಯಲ್ಲಿ ಇರುತ್ತದೆ. ಬಾಲ ಮೇಲೆತ್ತಿದಾಗ ಬುಡದ ಎರಡು ಪಕ್ಕದ ಬಿಳಿ ಮಿಂಚಿ ಹೋಗುತ್ತದೆ. ಹುಲ್ಲಿನ ಮೇಲೆ ಕುಂಡೆಕುಸ್ಕಗಳು ಓಡಾಡುತ್ತಿರುತ್ತವೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು ಕೇಳಿದರು: "ಗಾಳಿ ಇಷ್ಟು ಕೆಟ್ಟಿರುವಾಗ ಹಕ್ಕಿಗಳಿಗೆ ಏನೂ ಆಗಲ್ವಾ?"

ಆಗುತ್ತದೆ ಸರ್. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಉಸಿರು ಬಿಡುವಾಗಲೂ ಹೊಸ ಗಾಳಿ ಅದರೊಳಗೆ ಹಾದುಹೋಗುತ್ತಿರುತ್ತದೆ. ಆ ಶಕ್ತಿಯಿಂದಲೇ ಹಿಮಾಲಯ ದಾಟಲು ಆಗುವುದು, ಆ ಕಾರಣಕ್ಕೇ ಕೆಟ್ಟ ಗಾಳಿಯೂ ಒಳಗೆ ಚೆನ್ನಾಗಿ ಹೋಗುತ್ತದೆ. ಆದರೆ ಅವಕ್ಕೆ ಬೇರೆ ಆಯ್ಕೆ ಕಡಿಮೆ. ಬಿಟ್ಟುಬಂದ ಕೆರೆ ಹೆಪ್ಪುಗಟ್ಟಿದೆ, ದಾರಿಯಲ್ಲಿದ್ದ ಎಷ್ಟೋ ಕೆರೆಗಳ ಮೇಲೆ ಮನೆ ಎದ್ದಿದೆ.

ಇನ್ನೊಬ್ಬರು ಕೇಳಿದರು: "ಮಕ್ಕಳನ್ನು ಕರ್ಕೊಂಡು ಎಲ್ಲಿಗೆ ಹೋಗೋದು? ನಮ್ಮ ಹತ್ರ ಬೈನಾಕ್ಯುಲರ್ ಕೂಡ ಇಲ್ಲ."

ಮೊದಲು ಓಖ್ಲಾಕ್ಕೆ ಹೋಗಿ. ಮೆಟ್ರೋದ ಮೆಜೆಂಟಾ ಲೈನ್‌ನಲ್ಲಿ ಪಕ್ಷಿಧಾಮದ ಹೆಸರಿನ ನಿಲ್ದಾಣವೇ ಇದೆ. ಬೈನಾಕ್ಯುಲರ್ ಇಲ್ಲದಿದ್ದರೂ ದೊಡ್ಡ ಬಾತುಗಳು, ನಾಮದ ಕೋಳಿಗಳು ಬರಿಗಣ್ಣಿಗೇ ಕಾಣುತ್ತವೆ. ಬೆಳಿಗ್ಗೆ ಬೇಗ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಜನವರಿಯ ದೆಹಲಿಯಲ್ಲಿ ಅದು ಬೇಡ, ಮಂಜಿನಲ್ಲಿ ಏನೂ ಕಾಣಿಸುವುದಿಲ್ಲ. ಒಂಬತ್ತೂವರೆ ಹತ್ತಕ್ಕೆ ಬಿಸಿಲು ಬಂದ ಮೇಲೆ ಹೋಗಿ. ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು, ಹೆಸರು ಗೊತ್ತಿಲ್ಲದಿದ್ದರೂ ಬಣ್ಣ, ಕೊಕ್ಕು, ಎಷ್ಟಿದ್ದವು ಅಂತ ಬರೆಯಲು ಹೇಳಿ. ಆಮೇಲೆ ನೋಡಿದ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್‌ನಲ್ಲಿ ಹಾಕಿ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದಿದೆ, ಅದಕ್ಕೆ ಸ್ವಯಂಸೇವಕರು ಬೇಕೇ ಬೇಕು. ಹೋಳಿ ಕಳೆದರೆ ಬಾತುಗಳು ಬಹುತೇಕ ಹೊರಟುಹೋಗಿರುತ್ತವೆ. ಹಾಗಾಗಿ ಮುಂದಿನ ಭಾನುವಾರವೇ ಹೊರಡಿ.